ಗುಮ್ಮಟದ ಮೇಲಿನ ಅಕ್ಷರ

ಐವತ್ತನಾಲ್ಕನೇ ಇಸವಿ, ಕ್ಯಾಮ್ಡೆನ್ನಿನ ಬಸ್ ಡಿಪೋ,
ನೆಲಮಾಳಿಗೆಯ ಮೇಜಿನ ತುಂಬ ಊರಿನ ಚಿಲ್ಲರೆ.
ಬಸ್ಸಿನ ಡಬ್ಬಿಗಳನ್ನು ಬೋರಲು ಹಾಕಿದರೆ
ಮೊದಲು ಬರುತ್ತಿದ್ದುದು ವಾಸನೆ:
ಕೈಬೆವರು, ತಂಬಾಕು, ಸೂಪಿನ ಕಾರ್ಖಾನೆಯ ಟೊಮೇಟೊ.
ಆಮೇಲೆ ಸದ್ದು.

ಎದುರಿಗೆ ಒಡೆಸ್ಸಾ ಟಲ್.
ಹನ್ನೊಂದು ವರ್ಷದಿಂದ ಅದೇ ಸ್ಟೂಲು, ಅದೇ ಕುಂಟು ಕಾಲಿಗೆ
ಅದೇ ಮಡಿಸಿದ ರಟ್ಟು.
ನನಗೆ ಹತ್ತೊಂಬತ್ತು, ಸೇರಿ ಎರಡನೇ ವಾರ.
ನಾನು ಎಣಿಸುತ್ತಿದ್ದೆ.
ಅವಳು ಓದುತ್ತಿದ್ದಳು.

‘ಇಲ್ಲಿ ನೋಡು’ ಅಂದಳು,
ಒಂದು ನಿಕ್ಕಲ್ಲನ್ನು ದೀಪದ ಕೆಳಗೆ ಹೊರಳಿಸಿ.
‘ನಲವತ್ತನಾಲ್ಕು. ಸರಿ. ಮುಖ, ಸರಿ.
ಬೆನ್ನಿಗೆ ಮನೆ, ಮನೆಗೆ ಗುಮ್ಮಟ. ಅದರ ಮೇಲೆ?’
ಏನೂ ಇಲ್ಲ, ಅಂದೆ.
‘ಅದೇ ತಪ್ಪು. ಏನೂ ಇಲ್ಲ.’

ನಿಕ್ಕಲ್ ಲೋಹವೆಲ್ಲ ಆಗ ಯುದ್ಧಕ್ಕೆ ಹೋಗಿತ್ತಂತೆ,
ಹಡಗುಕಟ್ಟೆಯಲ್ಲಿದ್ದ ಅವಳ ತಮ್ಮನ ಹಾಗೆ.
ಐದು ಸೆಂಟಿಗೆ ಬೆಳ್ಳಿ ಬೆರೆಸಿದರು, ತಾಮ್ರ, ಮ್ಯಾಂಗನೀಸು;
ಮುಂದೊಂದು ದಿನ ಆರಿಸಿ ತೆಗೆಯಲು ಸುಲಭವಾಗಲೆಂದು
ಗುಮ್ಮಟದ ನೆತ್ತಿಗೆ ದೊಡ್ಡ ಅಕ್ಷರ ಕೂರಿಸಿದರು.
ಹೊಳೆಯಾಚೆಯ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಹುಟ್ಟಿದ್ದಕ್ಕೆ ‘ಪಿ’.
ಬೋಳು ಗುಮ್ಮಟ ಹೊತ್ತು ಆ ವರ್ಷ ಯಾವುದೂ ಹುಟ್ಟಿಲ್ಲ.
ಇದು ಯಾರದೋ ಶೆಡ್ಡಿನ ಕೂಸು.

ಒಂದು ಅಂಗೈಗೆ ಅಸಲಿ, ಇನ್ನೊಂದಕ್ಕೆ ಇದು.
ಇದೇ ಭಾರ, ಮೂರು ಗುಲಗಂಜಿಯಷ್ಟು.
ಕಳ್ಳನೂ ಕೊಸರು ಹಾಕಿ ಕೊಡುತ್ತಾನಲ್ಲ ಎಂದು ನಕ್ಕೆ.
ಅವಳು ನಗಲಿಲ್ಲ.
‘ಅಸಲಿಯಲ್ಲಿ ಆ ವರ್ಷ ನಿಕ್ಕಲ್ ಇರಲಿಲ್ಲ ಮಗೂ.
ಇದರಲ್ಲಿದೆ.’

ಆಮೇಲೆ ನನ್ನ ಕಣ್ಣಿಗೂ ಹತ್ತಿತು.
ಭೂತಗನ್ನಡಿಯಡಿ, ಮನೆಯ ಮೇಲಿನ ಬರಹದಲ್ಲಿ,
ಆರ್ ಅಕ್ಷರದ ಎಡಗಾಲಿಗೊಂದು ಗಾಯ.
ಅಚ್ಚಿನದೇ ಗಾಯ; ಪ್ರತಿಯೊಂದೂ ಅದೇ ಕಾಲೆಳೆದು ಬರುತ್ತಿತ್ತು.
ಶುಕ್ರವಾರದ ಹೊತ್ತಿಗೆ ಕೆಸ್ನಿಕ್ ಸಾಹೇಬರ ಸಿಗಾರ್ ಪೆಟ್ಟಿಗೆಯಲ್ಲಿ
ಇಪ್ಪತ್ತಮೂರು. ಸೋಮವಾರ ಸರಕಾರದ ಟೋಪಿಯವರು ಬರುವವರಿದ್ದರು.

ಊಟದ ಬಿಡುವಿನಲ್ಲಿ ಮೊಟ್ಟೆ ಸುಲಿಯುತ್ತ,
ಯಾರಿಗೋ ಎಂಬಂತೆ, ಅಂದಳು:
‘ಈ ಕೆಲಸಕ್ಕೆ ಬಂದಾಗ ಹುಟ್ಟಿದ ಪತ್ರ ಕೇಳಿದರು.
ಜಾರ್ಜಿಯಾ. ಹತ್ತಿ ಹೊಲದ ಅಂಚು.
ಸೂಲಗಿತ್ತಿಗೆ ಅಕ್ಷರ ಬರುತ್ತಿರಲಿಲ್ಲ.
ಅಮ್ಮನ ಬೈಬಲ್ಲಿನ ಕೊನೇ ಹಾಳೆ ಹರಿದು ತಂದಿದ್ದೆ.
ಗುಮಾಸ್ತ ಅದನ್ನು ದೀಪಕ್ಕೆ ಹಿಡಿದ.
ಹೊರಳಿಸಿದ. ಮತ್ತೆ ಹಿಡಿದ.’
ಉಪ್ಪು ಉದುರಿಸಿದಳು.
‘ಆ ಮನೆ ಇದೆಯಲ್ಲ, ನಾಣ್ಯದ ಬೆನ್ನಿಗೆ,
ಅದರ ಇಟ್ಟಿಗೆ ಹೊತ್ತವರ ಹೆಸರೂ ಎಲ್ಲೂ ಇಲ್ಲ.’
ಅರ್ಧ ಮೊಟ್ಟೆ ನನಗೆ ಕೊಟ್ಟಳು.

ಸಂಜೆ ಪೆಟ್ಟಿಗೆ ಮುಚ್ಚುವ ಮುಂಚೆ
ಸುಮ್ಮನೆ ಒಮ್ಮೆ ಎಣಿಸಿದೆ.
ಇಪ್ಪತ್ತೆರಡು.
ನಾನು ಬಾಯಿ ಬಿಡಲಿಲ್ಲ.
ನಿಲ್ದಾಣದಲ್ಲಿ ಅವಳು ನನಗಿಂತ ಮುಂದೆ ಹತ್ತಿದಳು,
ಕೈಚೀಲ ತೆರೆಯಲಿಲ್ಲ; ಮುಷ್ಟಿ ಬಿಚ್ಚಿದಳು.
ಡಬ್ಬಿಯೊಳಗೆ ಎರಡು ನಿಕ್ಕಲ್, ಮೂರು ಪೆನ್ನಿ.
ಸದ್ದಿನಲ್ಲಿ ಭೇದವಿರಲಿಲ್ಲ.
ಡ್ರೈವರ್ ತಲೆಯಾಡಿಸಿ ಬಸ್ಸು ಬಿಟ್ಟ.

ಮರುದಿನ ಆ ಡಬ್ಬಿ ನನ್ನ ಪಾಲಿಗೇ ಬಂತು.
ಸುರಿದೆ, ಹರಡಿದೆ,
ಒಂದೊಂದೇ ಗುಮ್ಮಟ ನೋಡುತ್ತ ಹೋದೆ.
ಸಿಕ್ಕಿತು, ಎಡಗಾಲ ಗಾಯದ್ದು,
ಇಡೀ ರಾತ್ರಿ ಉಳಿದವುಗಳ ನಡುವೆ ಮಲಗಿ ಎದ್ದದ್ದು.
ಒಡೆಸ್ಸಾ ತಲೆಯೆತ್ತಲಿಲ್ಲ.
ಅವಳ ಬೆರಳು ಮಾತ್ರ ಒಂದು ಗಳಿಗೆ ನಿಂತಿತು.

ಕಂದು ಕಾಗದ ತೆಗೆದುಕೊಂಡೆ.
ಹತ್ತೊಂಬತ್ತು ಕೆಳಗೆ, ಇಪ್ಪತ್ತು ಮೇಲೆ, ನಡುವೆ ಅದು.
ಸುತ್ತಿ, ಎರಡೂ ತುದಿ ಹೆಬ್ಬೆರಳಿನಿಂದ ಒತ್ತಿ ಮಡಿಸಿ,
ಬ್ಯಾಂಕಿನ ಚೀಲಕ್ಕೆ ಹಾಕಿದೆ.
ಪುಸ್ತಕದಲ್ಲಿ ಬರೆದೆ: ನಲವತ್ತು. ಎರಡು ಡಾಲರ್.
ಲೆಕ್ಕ ಸರಿಯಿತ್ತು.