ಎಂಟನೆಯ ಪಾಠ: ಗಿರಾಕಿ

ಉಲಾನ್‌ಬಾತರಿನಲ್ಲಿ ಸಂಜೆ ಆರೂವರೆ, ಮೈನಸ್ ಇಪ್ಪತ್ತೇಳು.
ಬೂಟಿನ ಹಿಮ ಕೊಡವಿ ನಾವು ಹನ್ನೊಂದು ಜನ
ಮುಚ್ಚಿಹೋದ ಛಾಪಖಾನೆಯ ಮಹಡಿಯಲ್ಲಿ ಕೂತು
ಇಂಗ್ಲಿಷಿನಲ್ಲಿ ಮಾರುವುದು ಹೇಗೆಂದು ಕಲಿಯುತ್ತೇವೆ.
ನಾನು ಮೊಸರಿನ ಕಂಪನಿ. ಪಕ್ಕದ ಖಾಂಡ್‌ಸುರೆನ್ ಉಣ್ಣೆ.
ಹಿಂದಿನ ಬೆಂಚಿನ ಝೋರಿಗ್ತ್ ಏನು ಮಾರುತ್ತಾನೋ
ಯಾರಿಗೂ ತಿಳಿದಿಲ್ಲ, ಕೇಳಿದರೆ
'ಸೊಲ್ಯೂಷನ್ಸ್' ಎನ್ನುತ್ತಾನೆ.

ಟೀಚರ್ ಒಟ್ಗೊನ್‌ಜಾರ್ಗಲ್ ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡವಳು.
ಹಲಗೆಯ ಮೇಲೆ ಬರೆದಳು: ಟಾರ್ಗೆಟ್.
ಯಾರು ನಿಮ್ಮ ಟಾರ್ಗೆಟ್, ದುಲ್ಮಾ ಅಕ್ಕ?
ಇಪ್ಪತ್ತೈದರಿಂದ ಮೂವತ್ತೈದರ ಹೆಂಗಸು, ಬಾಯಿಪಾಠ ಒಪ್ಪಿಸಿದೆ,
ಇಬ್ಬರು ಮಕ್ಕಳು, ಒಂದು ಫ್ರಿಜ್ಜು, ಸದಾ ಅವಸರ.
ಪಾಪ, ಮೊಸರಿಗೆಂದು ಬಂದವಳು,
ಬೆನ್ನ ಹಿಂದೆ ಬಿಲ್ಲು ಹೂಡಿ ನಿಂತದ್ದು ಅವಳಿಗೆ ಗೊತ್ತೇ ಇಲ್ಲ.

ಲಾಯಲ್ಟಿ ನಾಯಿಗೆ ಇರುವಂಥದು,
ಅಂಗಡಿಯಲ್ಲಿ ಅದಕ್ಕೊಂದು ಕಾರ್ಡು.
ರೆಸ್ಪಾಂಡೆಂಟ್ ಎಂದರೆ ಬಾಗಿಲು ತೆರೆದವರು.
ತೆರೆಯದವರಿಗೂ ಒಂದು ಪದವಿದೆಯಂತೆ, ಹನ್ನೆರಡನೆಯ ಪಾಠದಲ್ಲಿ.

ಆಮೇಲೆ ಬಂತು ಚರ್ನ್.
ಬಿಟ್ಟುಹೋದ ಗಿರಾಕಿಗಳು, ನೂರಕ್ಕೆ ಇಷ್ಟು.
ಬರೆದುಕೊಂಡೆ. ರಾತ್ರಿ ದಪ್ಪ ನಿಘಂಟು ತೆಗೆದರೆ
ಮೊದಲ ಅರ್ಥ ಬೇರೆಯೇ: ಕಡೆ.
ಕಡೆಗೋಲಿನಿಂದ, ಬೆಣ್ಣೆ ಬರುವ ತನಕ.

ಅಜ್ಜಿಯ ಗುಡಾರದಲ್ಲಿ, ಬಾಗಿಲ ಎಡಕ್ಕೆ,
ಬೇಸಿಗೆಯಿಡೀ ತೂಗುತ್ತಿತ್ತು ಚರ್ಮದ ದೊಡ್ಡ ಚೀಲ,
ಒಳಗೆ ಹೆಣ್ಣುಗುದುರೆಯ ಹಾಲು, ಗುಳುಗುಳು ಹುಳಿಯುತ್ತ.
ಬಂದವರು ಯಾರೇ ಆಗಲಿ,
ನೆಂಟ, ಕುದುರೆ ಹುಡುಕಿ ಬಂದವ, ಲೆಕ್ಕಪತ್ರದವ,
ಕೂರುವ ಮೊದಲು ಹತ್ತಿಪ್ಪತ್ತು ಸಲ ಕಡೆಯಲೇಬೇಕು.
ಆಮೇಲೆ ಬಟ್ಟಲು.
ನಮ್ಮಲ್ಲಿ ಅದು ಬಂದವರ ಲೆಕ್ಕ.
ಇವರಲ್ಲಿ ಹೋದವರದ್ದು.

'ಬ್ರ್ಯಾಂಡ್ ಎಂದರೆ ಒಂದು ಭರವಸೆ' ಅಂದಳು ಟೀಚರ್ ಮರುದಿನ.
ಆಗ ಝೋರಿಗ್ತ್, ಎರಡು ತಿಂಗಳಲ್ಲಿ ಮೊದಲ ಸಲ,
ಕೈಯೆತ್ತದೆ ಮಾತಾಡಿದ:
ನಮ್ಮಪ್ಪನ ಮುದ್ರೆ ಮಲಗಿದ ಚಂದ್ರ, ಅದರ ಮೇಲೊಂದು ಚುಕ್ಕಿ.
ಎಡತೊಡೆಗೆ. ಕಬ್ಬಿಣ ಕೆಂಪಾಗಬೇಕು, ಬೆಳ್ಳಗಾಗಬಾರದು.
ಮೂರು ಕಣಿವೆ ದಾಟಿ ಹೋದರೂ
ಯಾರೋ ಓದಿಕೊಂಡು ಹೊಡೆದು ತರುತ್ತಿದ್ದರು.
'ಕುದುರೆಗೆ ಉರಿಯುವುದಿಲ್ಲವೇ?' ಖಾಂಡ್‌ಸುರೆನ್, ಪೇಟೆಯಲ್ಲಿ ಹುಟ್ಟಿದವಳು.
ಉರಿಯುತ್ತೆ, ಅಂದ.
ಕೂದಲು ಸುಟ್ಟ ವಾಸನೆ ವಾರಗಟ್ಟಲೆ ಅಂಗಿ ಬಿಡುವುದಿಲ್ಲ.
ಟೀಚರ್ ಫೋನಿನಲ್ಲಿ ನೋಡಿದಳು, ಸುಮ್ಮನಾದಳು.
ಅದೇ ಪದ.

ಭಾನುವಾರ ಸರ್ವೆ. ಒಂಬತ್ತನೆಯ ಬ್ಲಾಕು, ಲಿಫ್ಟು ಕೆಟ್ಟಿದೆ.
ಬಾಗಿಲು ತೆರೆದವನು ಚೋಯಿದೋಗ್,
ಉಗಿ ಕೇಂದ್ರದಲ್ಲಿ ಕಲ್ಲಿದ್ದಲು ಹಾಕುವವ,
ರಾತ್ರಿಪಾಳಿ ಮುಗಿಸಿ ಉಗುರಿನ ಸಂದಿಯೆಲ್ಲ ಕಪ್ಪು.
ಚೀಲದಿಂದ ಫ್ರೀ ಸ್ಯಾಂಪಲ್ ತೆಗೆದುಕೊಟ್ಟೆ, ನೇರಳೆ ಹಣ್ಣಿನದು.
ಮುಚ್ಚಳ ಕಿತ್ತ, ಉಂಗುರದ ಬೆರಳು ಅದ್ದಿದ,
ಮೇಲಕ್ಕೆ ಚಿಮ್ಮಿಸಿದ, ಆಕಾಶಕ್ಕೆ.
ಆಕಾಶದ ಬದಲು ಎಂಟನೆಯ ಮಹಡಿಯ ತಳವಿತ್ತು,
ಬಿಳಿ ಸುಣ್ಣದ ಮೇಲೆ ನೇರಳೆ ಚುಕ್ಕಿ.
ಹಳೆಯ ಚುಕ್ಕಿಗಳೂ ಇದ್ದವು ಅಲ್ಲಿ, ಬೇರೆ ಬೇರೆ ಬಣ್ಣದವು.
ನಮಗಿಂತ ಮುಂಚೆ ಬೇರೆ ಕಂಪನಿಗಳು ಬಂದುಹೋಗಿವೆ.

ಏಳಕ್ಕೆ ಎಷ್ಟು ಕೊಡುತ್ತೀರಿ? ಕೇಳಿದೆ.
ಆರು.
ಸಿಹಿ ಜಾಸ್ತಿಯೇ? ಹುಳಿ ಕಡಿಮೆಯೇ?
ಎಲ್ಲ ಚೆನ್ನಾಗಿದೆ.
ಮತ್ತೆ ಏಳು ಯಾಕಿಲ್ಲ?
ಚಮಚ ನೆಕ್ಕುತ್ತ ಹೇಳಿದ,
ಏಳು ಕೊಟ್ಟರೆ ನೀವು ಮತ್ತೆ ಬರಲ್ಲ.

ಇದನ್ನು ಇಂಗ್ಲಿಷಿಗೆ ಮಾಡಬೇಕು, ಬುಧವಾರದೊಳಗೆ.
'ಇತರೆ' ಎಂಬ ಡಬ್ಬಿಯಲ್ಲಿ ಅರ್ಧ ಸಾಲಿನ ಜಾಗವಿದೆ.
ಮೆಟ್ಟಿಲಿಳಿಯುತ್ತ ಪದ ಹುಡುಕುತ್ತಿದ್ದೇನೆ,
ಬೆರಳಿಗೆ ಅಂಟಿದ ನೇರಳೆ ಒರೆಸದೆ.