ವೇಳಾಪಟ್ಟಿ

ಮೂವತ್ತೊಂದು ವರ್ಷ ಮಂಡ್ಯ ಸ್ಟ್ಯಾಂಡಿನಲ್ಲಿ ಕೂತು
ಬಸ್ಸುಗಳ ಹೊತ್ತು ಬರೆದವನು ನಾನು.
ಬರೆದ ಹೊತ್ತಿಗೆ ಸರಿಯಾಗಿ ಬಂದದ್ದು
ಬಿಸಿಲೊಂದೇ.

ಅದಕ್ಕೇ, ಕ್ಯಾಲೆಂಡರಿನಿಂದ ಹರಿದ ಮಾರ್ಚಿನ ಬೆನ್ನಿಗೆ
ಮೊದಲು ಬಿಸಿಲಿನ ಹೊತ್ತು ಬರೆದೆ.
ಉಳಿದ ಸಂದಿಯಲ್ಲಿ ಏಳು ಬೈಕು.

ಪೆಟ್ರೋಲು ಹಿಂದಿನ ರಾತ್ರಿಯೇ.
ನಾಲ್ಕೂವರೆಗೆ ಬಿಡುವುದು. ನಾಲ್ಕೂವರೆ ಅಂದರೆ
ಚಲುವರಾಜುವಿಗೆ ನಾಲ್ಕು ಅಂತ ಹೇಳುವುದು.
ಮಳವಳ್ಳಿಯನ್ನು ಕತ್ತಲಲ್ಲೇ ದಾಟಬೇಕು.
ಸತ್ತೇಗಾಲದ ಸೇತುವೆ ಕಳೆದು ಕಾಲು ಗಂಟೆ,
ಜಬೀವುಲ್ಲಾನ ಯೆಜ್ಡಿ ಉಸಿರಾಡಲಿ,
ನಮ್ಮ ಸೊಂಟಗಳೂ.
ಹನೂರಿನಲ್ಲಿ ಇಡ್ಲಿ. ಎರಡೇ. ಮೂರನೆಯದು ನಿದ್ದೆ.

ಹೊಸ ಹುಡುಗ ನಕ್ಕ: ತೊಂಬತ್ತರಲ್ಲಿ ಹೊಡೆದರೆ
ಏಳಕ್ಕೇ ಮಾದಪ್ಪನ ಬೆಟ್ಟ, ಹನ್ನೊಂದಕ್ಕೆ ಮನೆ, ಸಾರ್.

ನಾನು ಮಾತಾಡಲಿಲ್ಲ.
ಹೆಲ್ಮೆಟ್ಟಿನ ಪಟ್ಟಿ ಹೊಲಿಯುತ್ತಿದ್ದ ಹೊಂಬಾಳಮ್ಮ
ತಲೆ ಎತ್ತದೆ ಹೇಳಿದರು:
ಹೋದ ವರ್ಷ ಕೌದಳ್ಳಿಯಾಚೆ, ನಡುಮಧ್ಯಾಹ್ನ,
ರಸ್ತೆ ನೀರಾಗಿತ್ತು ಕಣಪ್ಪ. ನಿಜವಾದ ನೀರು.
ಗಾಡಿ ನಿಲ್ಲಿಸಿ ಬೊಗಸೆ ಒಡ್ಡಿದೆ.
ಹಿಂದೆ ಯಾರೂ ಇರಲಿಲ್ಲ.
ಎಲ್ಲರೂ ಮುಂದಿದ್ದರು.

ಹನ್ನೊಂದರಿಂದ ನಾಲ್ಕರವರೆಗೆ ಹಾಳೆ ಖಾಲಿ.
ಹುಣಸೆಮರ, ಚಾಪೆ, ಮಜ್ಜಿಗೆ, ಪುಟ್ಟಬೋರನ ಗೊರಕೆ
ಇವಕ್ಕೆ ಹೊತ್ತು ಹಾಕಿಲ್ಲ.

ಈ ಸಲ ಎಲ್ಲರಿಗಿಂತ ಮುಂದೆ ಹೊಂಬಾಳಮ್ಮ,
ಅವರದೇ ವೇಗ.
ಕೊನೆಯಲ್ಲಿ ನಾನು, ಬೆನ್ನಿಗೆ ನೀರಿನ ಕ್ಯಾನು,
ಜೇಬಿನಲ್ಲಿ ಹಳೆಯ ವಿಷಲ್ಲು.

ಹುಡುಗ ಹಾಳೆಯ ಫೋಟೋ ತೆಗೆದುಕೊಂಡ.
ಗೇಟಿನವರೆಗೆ ಹೋಗಿ ವಾಪಸು ಬಂದ:
ಸಾರ್, ನಾಲ್ಕೂವರೆ ಅಂದರೆ
ನನಗೆಷ್ಟು?