ಹೊಲಿಗೆ ಬೀಳದ ಪುಸ್ತಕ

ನಮ್ಮ ಉಪ್ಪನಿಗೆ ಕನ್ನಡ ಓದಲು ಬರುತ್ತಿರಲಿಲ್ಲ.
ಆದರೂ ತಳಂಗರೆಯಿಂದ ಚಂದ್ರಗಿರಿ ಕಡವಿನವರೆಗೆ
ಯಾವ ಪುಸ್ತಕಕ್ಕೆ ಎಷ್ಟು ಪ್ರಾಯವೆಂದು
ಬೆನ್ನು ಸವರಿಯೇ ಹೇಳುತ್ತಿದ್ದ.

ಸಿಲ್ವಾನ ಅಯ್ಯನವರ ಪುಸ್ತಕಗಳದ್ದು ಬೇರೆಯೇ ಭಾರ.
ಸಂಬಳದ ದಿನ ಅಕ್ಕಿ ಅಂಗಡಿ ದಾಟಿ
ರದ್ದಿ ಅಂಗಡಿಗೆ ನುಗ್ಗುವ ಪಾದ್ರಿ;
ಬೆಲ್ಲ ಕಟ್ಟಿಕೊಟ್ಟ ಹಾಳೆಯನ್ನು
ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು,
ಇದರ ಉಳಿದ ಮೈ ಎಲ್ಲಿದೆಯೆಂದು
ಪಯ್ಯನ್ನೂರಿನವರೆಗೂ ಹುಡುಕಿಕೊಂಡು ಹೋದವರು.

ತೊಟ್ಟಿಲಿಗೆಂದು ಎತ್ತಿಟ್ಟ ದುಡ್ಡು ನಿಘಂಟಾಯಿತು.
ಲೋವಿಸಮ್ಮ ಅಳಲಿಲ್ಲ,
ನಿಘಂಟಿನ ಮೇಲೆ ಶಾಲು ಹಾಸಿ ಕೂಸನ್ನು ಮಲಗಿಸಿದರು.
‘ಬೇಗ ಮಾತು ಕಲಿತೀತು’ ಎಂದರು ಅಯ್ಯನವರು.
ಅದು ನಾಲ್ಕು ವರ್ಷ ತುಟಿ ಬಿಚ್ಚಲಿಲ್ಲ.

ಪ್ರತಿ ಪುಸ್ತಕದ ಮೊದಲ ಪುಟದಲ್ಲಿ
ತಾರೀಖು, ಊರು, ಬೆಲೆ, ಸಣ್ಣಕ್ಷರದಲ್ಲಿ.
‘ಕುಂಬಳೆ. ಒಂದೂಕಾಲು ರೂಪಾಯಿ. ಕೊಡೆ ಮರೆತೆ.’
‘ನೀಲೇಶ್ವರ. ಕೊಟ್ಟವರು ದೇವಸ್ಥಾನದ ಭಟ್ಟರು.
ಬೆಲೆ: ಎರಡು ಗಂಟೆ ವಾದ. ಸೋತೆ.’

ಗಂಟೆಗೂಡಿನ ಕೆಳಗೆ ಕಪಾಟುಗಳು.
ಗಂಟೆ ಹೊಡೆದಾಗೆಲ್ಲ ಸುಣ್ಣದ ಪುಡಿ ಉದುರಿ
ಯೋಬನ ಮೇಲೂ, ಜೈಮಿನಿಯ ಮೇಲೂ,
ಯಾರೋ ಕೊಟ್ಟ ಓಲೆಗರಿಯ ಹಾವಿನ ಮದ್ದಿನ ಮೇಲೂ
ಒಂದೇ ಬಿಳುಪು.

ಅವರೊಂದು ಬರೆಯುತ್ತಿದ್ದರು: ಈ ದಡದ ಕಾಲಕ್ರಮ.
ಹೊಳೆಯ ಕಥೆಯೆಂದ ಮೇಲೆ
ನೀರು ಹುಟ್ಟಿದ ದಿನದಿಂದಲೇ ಹೇಳಬೇಕಲ್ಲ?
ಆದಾಮನಿಂದ ಶುರು.
ಉಪ್ಪನ ಮದುವೆಯಾದಾಗ ಅಯ್ಯನವರು ಜಲಪ್ರಳಯದಲ್ಲಿದ್ದರು.
ನಾನು ಹುಟ್ಟಿದಾಗ ಸೊಲೊಮೋನನ ಆಸ್ಥಾನದಲ್ಲಿ.
ಅಕ್ಕನ ನಿಕಾಹಿಗೆ ಬಂದು ತುಪ್ಪದನ್ನ ಉಂಡು
‘ವಿಜಯನಗರ ಬಿತ್ತು, ಕುಂಞಾಮೂ’ ಎಂದು
ನಿನ್ನೆ ಬಿದ್ದಂತೆ ಉಸಿರೆಳೆದರು.

ಐವತ್ತಾರರ ನವೆಂಬರ್.
ಭೂಪಟದಲ್ಲಿ ಯಾರೋ ಗೆರೆ ಎಳೆದರು,
ನಮ್ಮ ಅಂಗಡಿ ಇದ್ದಲ್ಲೇ ಇತ್ತು, ರಾಜ್ಯ ಬೇರೆಯಾಯಿತು.
ಸಹಿ ಕೇಳಲು ಹುಡುಗರು ಬಂದರು:
ಅಯ್ಯನವರೇ, ಈ ನೆಲ ಯಾರದು?
‘ನಾನಿನ್ನೂ ಇಕ್ಕೇರಿಯವರ ಕೋಟೆ ಕಟ್ಟಿಸುತ್ತಿದ್ದೇನೆ,
ಅಲ್ಲಿಗೆ ತಲುಪಲಿ, ಹೇಳುತ್ತೇನೆ.’
ಒಬ್ಬ ನಕ್ಕ. ಒಬ್ಬ ಹೇಡಿ ಎಂದ, ಕೇಳುವ ಹಾಗೆಯೇ.

ಆ ರಾತ್ರಿ, ಲಾಟೀನು ಹಿಡಿದು ಅಂಗಡಿಗೆ ಬಂದರು.
ಮಡಚಿದ ಕಾಗದ. ‘ಹುಡುಗರಿಗೆ ಮುಟ್ಟಿಸು.’
ಸಹಿ ಇತ್ತು, ದಪ್ಪ ಶಾಯಿಯಲ್ಲಿ.
ಕೊಡೆ ಮರೆತದ್ದಕ್ಕೂ ತಾರೀಖು ಹಾಕುವ ಮನುಷ್ಯ
ಅಲ್ಲಿ ಮಾತ್ರ ತಾರೀಖು ಹಾಕಿರಲಿಲ್ಲ.

ಅರವತ್ತೊಂದರಲ್ಲಿ ತೀರಿಕೊಂಡರು.
ಪುಸ್ತಕಗಳೆಲ್ಲ ಸಭೆಗೆ ಎಂದು ಬರೆದಿಟ್ಟಿದ್ದರು.
ಸಭೆ ಒಂದು ಸಮಿತಿ ಮಾಡಿತು.
ಸಮಿತಿ ಒಂದು ಬೀಗ ತಂದಿತು.
ಬೀಗದೊಳಗೆ ಗೆದ್ದಲಿಗೆ ಅಡ್ಡಿ ಇರಲಿಲ್ಲ.
ಉಳಿದದ್ದು ಲಾರಿಯಲ್ಲಿ ಮಂಗಳೂರಿಗೆ,
ಉಳಿದದ್ದರಲ್ಲಿ ಉಳಿದದ್ದು ಯಾರದೋ ಮದುವೆಯ ಒಲೆಗೆ.

ಕಾಲಕ್ರಮದ ಬಿಡಿ ಹಾಳೆಗಳನ್ನು
ಲೋವಿಸಮ್ಮನೇ ತಂದುಕೊಟ್ಟರು: ‘ಹೊಲಿದು ಕೊಡು.’
ಉಪ್ಪ ಅಂಚು ಬಡಿದು ಸಮ ಮಾಡಿದ,
ದಬ್ಬಣ ಎತ್ತಿದ, ಇಳಿಸಿದ.
ಕಟ್ಟಕಡೆಯ ಹಾಳೆ ನನ್ನ ಮುಂದಿಟ್ಟ.
ಮನೆಯಲ್ಲಿ ಕನ್ನಡ ಶಾಲೆಗೆ ಹೋದವನು ನಾನೊಬ್ಬನೇ.

‘ಸಾವಿರದ ಏಳುನೂರ ಎಂಬತ್ತನಾಲ್ಕು.
ಈ ವರ್ಷದ ಆಟಿಯಲ್ಲಿ ಚಂದ್ರಗಿರಿ ಹೊಳೆ’
ಅಷ್ಟೇ.

ಹೊಳೆ ಏನು ಮಾಡಿತು? ಉಪ್ಪ ಕೇಳಿದ.
ಕ್ರಿಯಾಪದ ಇಲ್ಲ ಎಂದೆ.
ಅದು ಯಾರು ಎಂದ.

ಮೈಲುತುತ್ತು ಕಲಸಿದ ಮೈದಾ ಅಂಟು
ಒಲೆಯ ಮೇಲೆ ಗಟ್ಟಿಯಾಗುತ್ತಿತ್ತು.